ಕೊಳವಿಯೊಳಗಿನ ಸುಣ್ಣ

ಸುತ್ತಿಗಿಯಿಂದ ಸಣ್ಣದೊಂದು ಏಟು,
ಆಮ್ಯಾಲ ಕಿವಿ.
ಮೂವತ್ತೊಂದು ವರ್ಷ ಶಕ್ತಿನಗರದ ಬಾಯ್ಲರಿನೊಳಗ
ಇಷ್ಟೇ ನನ್ನ ಕಸುಬು.
ಸ್ವಚ್ಛ ಕೊಳವಿ ಗುಡಿ ಗಂಟಿಯಂಗ ಅಂತದ,
ಸುಣ್ಣ ಕಟ್ಟಿದ್ದು ಹಸಿ ಗ್ವಾಡಿ ತಟ್ಟಿದಂಗ, ದಪ್.

ಮೊನ್ನೆ ರಾಯಚೂರಿನ ದವಾಖಾನಿಯಾಗ
ಡಾಕ್ಟರ್ ನುಸ್ರತ್ ನನ್ನ ಎದಿಗೆ ತಣ್ಣನ ಬಿಲ್ಲೆ ಇಟ್ಟಾಗ
ನಾನೂ ಉಸಿರು ಬಿಗಿಹಿಡಿದು ಆಲಿಸಿದೆ,
ಗಂಟಿಯೋ, ಗ್ವಾಡಿಯೋ.
ಫಿಲ್ಮು ಬೆಳಕಿಗೆ ಹಿಡಿದು ಅಂದರು:
"ಯಂಕೋಬಪ್ಪ, ರಕ್ತನಾಳಕ್ಕ ಕೊಬ್ಬು ಹತ್ಯಾದ,
ಕೊಬ್ಬಿನ ಮ್ಯಾಲ ಸುಣ್ಣ ಕುಂತದ."

ನಕ್ಕುಬಿಟ್ಟೆ.
ಗಾಬರಿ ಆದ್ರ ನಗಿ ಬರ್ತದ ನನಗ, ಅಕ್ಷತಾ ಬೀಳುವಾಗೂ ಬಂದಿತ್ತು.
"ಆ್ಯಸಿಡ್ ಬಿಟ್ಟು ತೊಳೀರಿ ಮೇಡಂ,
ನಾವು ಹಂಗ ಮಾಡ್ತೀವಿ, ಶಟ್‌ಡೌನ್ ತಗೊಂಡು."
"ನಿಮ್ಮದು ಒಮ್ಮೆ ಶಟ್‌ಡೌನ್ ಆದ್ರ
ಮತ್ತ ಚಾಲೂ ಆಗಂಗಿಲ್ಲ," ಅಂದರು, ನಗಲಿಲ್ಲ.

ರಾತ್ರಿ ಒಂದು ಗುಳಿಗಿ, ತಪ್ಪಸಬ್ಯಾಡ.
ಬೀಡಿ ಇವತ್ತೇ ಕಡೀದು.
ಉಪ್ಪು ಕಮ್ಮಿ. ನಡೀಬೇಕು, ಏದುಸಿರು ಬರದಷ್ಟು.
ಹಸರು ತಪ್ಪಲದಾಗ 'ಕೆ' ಅಂತ ಒಂದು ಜೀವಸತ್ವ ಅದ,
ಸುಣ್ಣಕ್ಕ ಎಲುಬಿನ ದಾರಿ ತೋರಸ್ತದಂತ.
"ನಾಳಕ್ಕ ಎಷ್ಟು ಉಪಯೋಗ, ಇನ್ನೂ ಪೂರಾ ಗೊತ್ತಿಲ್ಲ.
ಆದ್ರ ತಪ್ಪಲ ತಿಂದು ಕೆಟ್ಟವರನ್ನ ನಾ ನೋಡಿಲ್ಲ."

ಬರೋ ದಾರ್‍ಯಾಗ ಮೆಡಿಕಲ್ ಅಂಗಡಿ.
ಶೀಸೆ ತುಂಬ ಬಂಗಾರದ ಬಣ್ಣದ ಕ್ಯಾಪ್ಸೂಲು,
ಆರುನೂರಾ ನಲವತ್ತು ರೂಪಾಯಿ, ಚೀಟಿಯಾಗ ಬರೀಲಾರದ್ದು,
ಧೈರ್ಯಕ್ಕಂತ ಕೊಂಡೆ.
ಹಂಪಮ್ಮ ಒಂದನ್ನ ಹಲ್ಲಾಗ ಒಡದು ನೆಕ್ಕಿ ನೋಡಿದಳು.
"ಅಗಸೆಣ್ಣಿ ಇದು!
ಗಡಿಗಿ ತುಂಬ ಅಗಸಿ ಹಿಂಡಿ ಕುಟ್ಟಿಟ್ಟೀನಿ,
ಬೆರಳು ಹಚ್ಚಿಲ್ಲ ನೀವು.
ಗೇಟಿನ ಮುಂದ ಮಂಡಾಳ ಮಿರ್ಚಿ ಮುಕ್ಕಿ ಬಂದು
ಹಸಿವಿಲ್ಲ ಅಂತೀರಿ."
ಮೂರು ದಿನ ಮಾತಿಲ್ಲ.
ನಾಲ್ಕನೇ ದಿನ ಅತ್ತಳು, ಉಳ್ಳಾಗಡ್ಡಿ ನೆಪ ಮಾಡಿ.

ದೇವಸೂಗೂರಿನ ಜಿಂದಮ್ಮ ಈಗ ಬಾಗಲಿಗೇ ಬುಟ್ಟಿ ಇಳಸ್ತಾಳ.
ಪುಂಡಿ, ರಾಜಗಿರಿ, ಮೆಂತ್ಯ,
ಕೃಷ್ಣಾ ದಂಡಿಯ ಮಣ್ಣು ಬೇರಿಗಿನ್ನೂ ಅಂಟಿರ್ತದ.
ಹಿಡಿಗಟ್ಟಿಗೆ ಹತ್ತು ರೂಪಾಯಿ, ಮ್ಯಾಲೊಂದು ಎಸಳು ಕೊಸರು.
"ಮನಿಯಾಗ ಯಾರಿಗೆ ಬ್ಯಾನಿ?" ಅಂತ ಕೇಳೂದಿಲ್ಲ.
ಹಸರಿನ ಗಿರಾಕಿ ಹೆಚ್ಚಾದ್ರ ಆಕಿಗೆ ತಿಳೀತದ.

ವಾಲ್ವ್ ಸೆಕ್ಷನ್ನಿನ ಮಹಬೂಬನ ಎದಿಯಾಗೊಂದು
ಲೋಹದ ವಾಲ್ವ್ ಹಾಕ್ಯಾರ.
ಅವನಿಗೆ ಬ್ಯಾರೇ ಕಾನೂನು.
ರಕ್ತ ತಿಳಿ ಮಾಡೋ ಗುಳಿಗಿ ನುಂಗ್ತಾನಲ್ಲ,
ತಪ್ಪಲ ದಿನಾ ಒಂದೇ ಅಳತಿ ಇರಬೇಕು,
ಇವತ್ತು ಬುಟ್ಟಿ ನಾಳೆ ಬರಿ ತಾಟು ನಡಿಯಂಗಿಲ್ಲ.
"ಪ್ರೆಶರ್ ಏರಿಳಿಬಾರದಪಾ, ನಾನೇ ಮಷೀನು," ಅಂತಾನ.
ಮಧ್ಯಾಹ್ನ ಬೂದಿ ಹಾರೋ ಕಟ್ಟಿ ಮ್ಯಾಲ
ಅವನ ಎದಿಗೆ ಕಿವಿ ಹಚ್ಚಿ ಕುಂತೆ.
ಟಿಕ್. ಟಿಕ್.
ಮೂವತ್ತೊಂದು ವರ್ಷದಾಗ
ಇಷ್ಟು ಸ್ವಚ್ಛ ಸಪ್ಪಳ ಕೇಳಿದ್ದಿಲ್ಲ.

ಸೈರನ್ ಆತು.
ಡಬ್ಬಿಯಾಗ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಹೆಸರಕಾಳು,
ಮೂಲ್ಯಾಗ ಗುಡ್ಡಿ ಹಾಕಿದ ಅಗಸಿ ಹಿಂಡಿ.
ಗೇಟಿನಾಚೆ ಬಾಣಲಿ ಚುರ್‌ ಅಂತದ.
"ಕಾಕಾ, ನಮ್ಮನ್ನ ಮರತೇಬಿಟ್ರಿ," ಕೂಗ್ತಾನ ಹುಡುಗ.
ಮರತಿಲ್ಲೋ ತಮ್ಮ.
ಗಾಳಿ ಈ ಕಡಿ ಬೀಸಿದಾಗೊಮ್ಮೆ
ಸುಮ್ಮನ ನಿಂದರ್ತೀನಿ.
ಮೂಗಿಗೆ ಯಾರೂ ಪಥ್ಯ ಬರದಿಲ್ಲ.