ಪಾಯದ ಸಪ್ಪಳ

ಸುತ್ತಿಗಿ ನಂದು. ಕೇಳೂ ಕಿವಿ ಕಂಪನೀದು.
ಅಕ್ಕಲಕೋಟದ ಈ ಓಣ್ಯಾಗ ಇವತ್ತು
ಸುಟ್ಟ ಮನಿಗೆ ಗೌಂಡಿ ಸಾಕ್ಷಿ.

ಸರ್ವೇಯರ್ ಬೋಕಿಲ ಸಾಹೇಬ್ರು ಸೊಲ್ಲಾಪುರದಿಂದ ಬಂದಾರ.
ಬೂಟಿಗೆ ಬೂದಿ ಹತ್ತಬಾರದಂತ
ಇಟ್ಟಂಗಿಯಿಂದ ಇಟ್ಟಂಗಿಗೆ ಕೊಕ್ಕರಿ ಹಂಗ ಕಾಲಿಡತಾರ.
ಮರಾಠಿಯೊಳಗ ಕೇಳತಾರ, ಇಂಗ್ಲಿಷಿನ್ಯಾಗ ಬರಕೋತಾರ.
ಕಮಳಾಬಾಯಿ ಫುಲಾರಿ
ಕನ್ನಡದಾಗ ಸುಮ್ಮನ ನಿಂತಾಳ.

ಫ್ರಿಜ್ಜಿನ ಹಿಂದ ಹುಟ್ಟಿದ ಕಿಡಿ
ಮೂರು ತಾಸಿನ್ಯಾಗ ಮಾಳಿಗಿ ಏರಿ ಇಳೀತು.
ಜಂತಿ ಹೋದ್ವು, ತೊಲಿ ಹೋದ್ವು,
ಮ್ಯಾಲಿನ ಹಾಳಮಣ್ಣು ಧಪ್ಪಂತ ಒಳಗ ಕುಂತು
ಬೆಂಕೀನೂ ಆರಿಸ್ತು, ಮನೀನೂ.

"ಪಾಲಿಸಿ ಏಳು ಲಕ್ಷದ್ದು."
"ಹೋದ ವರ್ಷ ಒಬ್ಬಾವ ಇಪ್ಪತ್ತೆರಡಕ್ಕ ಕೇಳಿದ್ದನ್ರೀ."
"ಅವ ಕೇಳಿದ್ದು ಜಾಗಾ, ಬಾಯಿ. ಬಜಾರ ರಸ್ತಾ, ಮೂಲಿ ಪ್ಲಾಟು.
ಜಾಗಾ ಸುಡೂದಿಲ್ಲ. ಸುಡದ್ದಕ್ಕ ವಿಮಾ ಇಲ್ಲ.
ನಾವು ಕೊಡೂದು ತಿರುಗಿ ಕಟ್ಟೂ ಖರ್ಚು."
ಅಷ್ಟು ಆಕಿಗೆ ತಿಳೀತು. ಹೂವಿನಾಕಿ ಆಕಿ,
ಬಾಡಿದ ಮಾಲಿಗೆ ಯಾರೂ ಗಿಡದ ಬೆಲಿ ಕೊಡೂದಿಲ್ಲ.

"ಹಂಗಾರ ತಿರುಗಿ ಕಟ್ಟಲಕ್ಕ ಎಷ್ಟು, ಗೌಂಡಿ?"
ಸಾಗವಾನಿ ತೊಲಿ ಈಗ ಯಾರೂ ಹಾಕೂದಿಲ್ಲ ಸಾಹೇಬ್ರ, ಸ್ಲಾಬೇ ಹಿಡೀರಿ.
ಎರಡು ಕೋಲಿ, ಅಡಿಗಿಮನಿ, ನ್ಹಾಣಿ.
ಸಿಮೆಂಟು ಹಿಂಗ, ಗಜ ಹಿಂಗ, ಉಸುಕಂತೂ ಬಂಗಾರ.
ಹದಿಮೂರುವರಿ ಆಗತದ. ಚಾ ನೀರು ಬ್ಯಾರೆ.

ಸಾಹೇಬ್ರು ಪೆನ್ನಿನ ಟೊಪಗಿ ಕಚ್ಚಿದ್ರು.
ಬ್ಯಾಂಕಿನ ಹುಡುಗ ಸಾಲದಷ್ಟು ವಿಮಾ ಮಾಡಿದ್ದ,
ಮನಿಯಷ್ಟಲ್ಲ.
ಸಹಿ ಎಲ್ಲಿ ಅಂದ್ಲು, ತೋರಿಸಿದ, ಹಾಕಿದ್ಲು.
ಹನ್ನೊಂದು ವರ್ಷ ತಪ್ಪದಂಗ ಕಂತು ಹೋಗೇದ.

"ಮತ್ತ ಈ ಹಿಂದಿನ ಕೋಲಿ? ನಕ್ಷಾದಾಗ ಇಲ್ಲಲ್ಲ?"
ಅದು ನಾ ಕಟ್ಟಿದ್ದು, ಒಂದು ಶ್ರಾವಣದಾಗ,
ಸೊಸಿ ಬಾಣಂತನಕ್ಕಂತ, ಯಾರಿಗೂ ಹೇಳದೆ.
ಬೆಂಕಿಗೆ ಕಂಡ ಕೋಲಿ ಕಾಗದಕ್ಕ ಕಾಣಲಿಲ್ಲ.

ಕಡೀಗೆ ಪಾಯ.
"ಪಾಯ ಕೆಟ್ಟಿದ್ರ ಪೂರಾ ಹಾನಿ, ಪೂರಾ ಏಳು ಬರತದ.
ಗಟ್ಟಿ ಇದ್ರ ಹಾನಿ ಪೂರಾ ಅಲ್ಲ.
ಆಗ ವಿಮಾ ಎಷ್ಟು ಕಮ್ಮಿ ಇತ್ತೋ
ಅದೇ ಲೆಕ್ಕದಾಗ ಏಳಕ್ಕೂ ಕತ್ತರಿ.
ಬಡದು ಹೇಳು."

ಕಮಳಾಬಾಯಿ ನನ್ನ ಮಾರಿ ನೋಡಲಿಲ್ಲ.
ನೋಡಿದ್ರ ಛಲೋ ಇತ್ತು.

ಈ ಪಾಯ ನಮ್ಮಪ್ಪ ಹಾಕಿದ್ದು.
ಕಲ್ಲು ಹೊತ್ತಾವ ನಾ, ಮೀಸಿ ಇನ್ನೂ ಬಂದಿರಲಿಲ್ಲ.
ಇಲ್ಲೀದು ಎರಿಮಣ್ಣು, ಬ್ಯಾಸಗ್ಯಾಗ ಬಾಯಿ ಬಿಡತದ,
ಮಳಿ ಬಿದ್ರ ಉಬ್ಬಿ ಗೋಡಿ ನೂಕತದ.
ಅದಕ್ಕ ಮುರುಮ ಹತ್ತೂತನಕ ಆಳೆತ್ತರ ತೋಡಿ,
ಕರಿಕಲ್ಲು ಇಟ್ಟು, ಸುಣ್ಣದ ಗಚ್ಚು ಅರದು ಹೊಯ್ದಿದ್ವಿ.
ಅಪ್ಪ ಅಂದಿದ್ದ,
ಮ್ಯಾಲಿಂದು ಮಾಲಕಂದು, ದಸ್ತಗೀರ. ತೆಳಗಿಂದು ನಮ್ದು.

ಬಡದೆ.
ಬಂಬಿನ ನೀರು ಬಿದ್ದ ಮೂಡಲ ಮೂಲ್ಯಾಗ ದಬ್.
ಕಾದ ಕಲ್ಲು ತಣ್ಣೀರಿಗೆ ಸೀಳಿತ್ತು.
ಅದೇ ಮೂಲ್ಯಾಗ ಇನ್ನೆರಡು ಸಲ ಬಡದೆ,
ಬೇಕಂತಲೇ.
ಆಮ್ಯಾಲೆ ಬೀದಿ ಕಡೆ. ಠಣ್.
ಬಾವಿ ಕಡೆ. ಠಣ್.
ನಡುಗೋಡಿ ತೆಳಗ. ಠಣ್, ಹೊಸ ತಾಮ್ರದ ಕೊಡದಂಗ.
ಓಣಿಗೆಲ್ಲ ಕೇಳಿಸ್ತು,
ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ನೋಡಿದ.
ಸುಳ್ಳು ಹೇಳಲಕ್ಕ ಕಲ್ಲು ಜಾಗಾ ಬಿಡಲಿಲ್ಲ.

ಮೂಡಲ ಮೂಲಿ ಹೋಗೇದ್ರಿ, ಅಂದೆ.
ಉಳಿದದ್ದು—
ಅನ್ನೂವಾಗ ನನ್ನ ಎದಿ ಉಬ್ಬಿತು.
ಹೌದು, ಉಬ್ಬಿತು. ಅದು ಆಕಿಗೆ ಕಂಡಿರಬೇಕು.

ಸಾಹೇಬ್ರು ಬರಕೊಂಡ್ರು, ಕಳದ್ರು,
ಕಳದದ್ದರ ತೆಳಗ ಎರಡು ಗೆರಿ ಎಳದ್ರು.
ರಾಡಿ ಎತ್ತಲಕ್ಕ ನೂರಕ್ಕ ಎರಡು ಬ್ಯಾರೆ ಸಿಗತದ ಅಂತ
ಹೋಗೂವಾಗ ನೆನಪು ಮಾಡಿದ್ರು.

ಜೀಪು ತಿರುವು ದಾಟಿದ ಮ್ಯಾಲೆ
ಕಮಳಾಬಾಯಿ ಸೆರಗಿನಿಂದ ಒಂದು ಕಲ್ಲಿನ ಮಸಿ ಒರಸಿದಳು.
ಸಿಟ್ಟಿಲ್ಲ ದನಿಯಾಗ. ದರ ಕೇಳಿದಂಗ ಕೇಳಿದಳು:
"ಇಷ್ಟು ಗಟ್ಟಿ ಯಾಕ ಹಾಕಿದ್ರಿ?"