ಪಾಸ್‌ಪೋರ್ಟ್ ಸೈಜು, ಎಂಟು ಪ್ರತಿ

ಹೂಮಳೆ ಬಿದ್ದು ಒಂಬತ್ತನೇ ದಿನ.
ಸುಂಟಿಕೊಪ್ಪದ ಇಳಿಜಾರಿನ ತುಂಬ ಕಾಫಿ ಹೂವಿನ ವಾಸನೆ
ನನ್ನ ಸ್ಟುಡಿಯೋದ ಕತ್ತಲ ಕೋಣೆಗೂ ಬಂದು ಕೂತಿತ್ತು.
ಗಿರಾಕಿಯಿಲ್ಲ. ಎದುರಿನ ಝೆರಾಕ್ಸ್ ಹುಡುಗ
ಮೊಬೈಲಿನಲ್ಲೇ ತೆಗೆದುಕೊಡುತ್ತಾನೆ ಈಗ,
ಬೆನ್ನ ಹಿಂದಿನ ಗೋಡೆಯನ್ನೂ ಬೆಳ್ಳಗೆ ಮಾಡಿ.

ಶಟರು ಅರ್ಧ ಇಳಿಸಿ
ಚೋಂದಮ್ಮ ಸಿಸ್ಟರ ಹಿತ್ತಲಿಗೆ ಹೋದೆ.

ಮೂವತ್ತು ವರ್ಷ ಜನರಿಗೆ ನಾನು ಹೇಳಿದ್ದು ಮೂರೇ ಮಾತು:
ಗಲ್ಲ ಸ್ವಲ್ಪ ಮೇಲೆ.
ಕಣ್ಣು ಇಲ್ಲಿ.
ಅಲ್ಲಾಡಬೇಡಿ.
ಆರು ಕಾಲಿನವರಿಗೆ ಹೇಗೆ ಹೇಳುವುದು?

ಜೀನಿಯಾದ ಮೇಲೆ ಹಳದಿಯೊಂದು ಕೂತಿತು, ಬಾಗಿದೆ,
ಚಿತ್ರದಲ್ಲಿ ಹೂವು ಮಾತ್ರ ಬಂತು,
ಕೂತವರು ಎದ್ದು ಹೋದ ಮೇಲೂ ತಿರುಗುತ್ತಿರುವ
ನನ್ನ ಸ್ಟುಡಿಯೋ ಸ್ಟೂಲಿನ ಹಾಗೆ.
ಇನ್ನೊಂದಕ್ಕೆ ನನ್ನ ನೆರಳೇ
ನನಗಿಂತ ಮೊದಲು ಹೋಗಿ ಸುದ್ದಿ ಮುಟ್ಟಿಸಿತು.

“ಹಂಸಾ, ಹುಲಿ ಹಿಡಿಯುವವನ ಹಾಗೆ ಹೋಗ್ತೀಯಲ್ಲ,”
ಜಗಲಿಯಿಂದ ಚೋಂದಮ್ಮ.
“ಮಗುವಿಗೆ ಸೂಜಿ ಹಾಕುವಾಗ ಸೂಜಿ ನೋಡಬಾರದು,
ಮಗುವನ್ನೂ ನೋಡಬಾರದು.
ಕಿಟಕಿ ನೋಡ್ತಾ ಹೋಗಬೇಕು.”

ಅವರದು ಐದು ಕಿತ್ತಳೆ ಸಸಿ. ನಾಲ್ಕಕ್ಕೆ ಬೇವಿನೆಣ್ಣೆ ಹೊಡೆಯುತ್ತಾರೆ.
ಐದನೆಯದು “ಅವರದ್ದು.”
ನರ ಬಿಟ್ಟು ಎಲೆಯೆಲ್ಲ ಖಾಲಿ.
ಕಡ್ಡಿಗೆ ಒಂದೇ ನೂಲು ಬಿಗಿದುಕೊಂಡು ಹಿಂದಕ್ಕೆ ವಾಲಿದ ಕೋಶ,
ಕಂಬ ಹತ್ತಿ ಬೆಲ್ಟಿಗೆ ಭಾರ ಬಿಟ್ಟ ಲೈನ್‌ಮನ್.
“ನಿನ್ನೆ ಹಸಿರಿತ್ತು, ಇವತ್ತು ಕಪ್ಪು. ದಿನ ತುಂಬಿದೆ.”

ಮರುದಿನ ಏಳಕ್ಕೇ ಫೋನು:
“ಬಾ, ನೋವು ಶುರುವಾಗಿದೆ.”

ಸಿಪ್ಪೆ ಬಿರಿದು ಬಂದದ್ದು ಚಿಟ್ಟೆಯೇನಲ್ಲ.
ಡೊಳ್ಳು ಹೊಟ್ಟೆ, ಬೆನ್ನಿಗೆ
ಹಿಂಡಿ ಬಿಸಾಕಿದ ಒದ್ದೆ ಕರವಸ್ತ್ರ.
ಕಡ್ಡಿ ಹಿಡಿದು ನೇತುಬಿತ್ತು.
ಇದು ನನಗೆ ಗೊತ್ತು.
ಕೆಂಪು ಬಲ್ಬಿನ ಕೆಳಗೆ, ತಂತಿಯ ಮೇಲೆ,
ಕ್ಲಿಪ್ಪು ಕಚ್ಚಿಸಿ ಎಷ್ಟು ಮುಖ ಒಣಗಿಸಿಲ್ಲ!
ಟ್ರೇಯ ನೀರೊಳಗಿಂದ ಮೊದಲು ಹುಬ್ಬು ಬರುತ್ತಿತ್ತು,
ಆಮೇಲೆ ಕಣ್ಣು.
ಇಲ್ಲಿ ಮೊದಲು ಕಪ್ಪು,
ತಡೆದು, ತಡೆದು, ನೀಲಿ.

ನಲವತ್ತು ನಿಮಿಷ. ಅಲ್ಲಾಡಲಿಲ್ಲ.
ನನ್ನ ಮೂರು ಮಾತೂ ಬಾಯಲ್ಲೇ ಉಳಿದವು.
ಕ್ಯಾಲೆಂಡರಿನ ಹಿಂದೆ ಚೋಂದಮ್ಮ ಬರೆದುಕೊಂಡರು: ೭.೨೫, ಗಂಡು.
ತೂಕದ ಜಾಗ ಖಾಲಿ.

ಹಾರಿದ್ದು ಯಾವಾಗ? ನಾನು ಲೆನ್ಸು ಒರೆಸುತ್ತಿದ್ದೆ.

ಸಂಜೆ ಒಂದು ಹಾಳೆಯಲ್ಲಿ ಎಂಟು ಪ್ರತಿ ತೆಗೆದು,
ಬಿಳಿ ಅಂಚು ಬಿಟ್ಟು ಕತ್ತರಿಸಿ,
ಸ್ಟುಡಿಯೋ ಹೆಸರಿನ ಕವರಿಗೆ ಹಾಕಿ ಕೊಟ್ಟೆ.
ಕೊನೇ ಕವರು ಅದು, ಹೊಸದು ಅಚ್ಚು ಹಾಕಿಸಿಲ್ಲ.

ಪ್ರತಿ ನವೆಂಬರಿನಲ್ಲಿ ಅವರು ನನ್ನಲ್ಲಿಗೆ ಬರುತ್ತಾರೆ,
ಇನ್ನೂ ಬದುಕಿದ್ದೇನೆಂದು ಬ್ಯಾಂಕಿಗೆ ತೋರಿಸಲು
ಒಂದು ಫೋಟೋ ಬೇಕು. ಪೆನ್ಷನ್ನಿನ ನಿಯಮ.
ಪ್ರತಿ ಸಲವೂ ಅದೇ ಬೂದು ಸೀರೆ.

ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.
“ಕಿವಿ ಎರಡೂ ಕಾಣಬೇಕಲ್ಲವಾ? ಇವನದು ಯಾವ ಬ್ಯಾಂಕು?”
ಒಂದನ್ನು ಪಾಸ್‌ಬುಕ್ಕಿನೊಳಗಿಟ್ಟು
ಏಳನ್ನು ನನ್ನ ಕೈಗೇ ತುರುಕಿದರು.
“ಇಟ್ಟುಕೋ. ನವೆಂಬರಿನಲ್ಲಿ ಕೇಳಿದರೆ?”