ಕರಿಕೆ ಬಳಸಿ

ಪೂವಿ ಅದಕ್ಕೆ ಬಾಲ ಅಂತ ಹೆಸರಿಟ್ಟಿದ್ದಳು.
ಎದೆಯಿಂದ ಹೊರಟ ಬಿಳಿ ನಳಿಗೆ, ತುದಿಗೆ ಎರಡು ಮುಚ್ಚಳ,
ಒಂದು ಕೆಂಪು, ಒಂದು ನೀಲಿ.
"ಹನುಮಂತನಿಗೆ ಹಿಂದೆ, ನನಗೆ ಮುಂದೆ."

ದಿನಾ ರಾತ್ರಿ ಎಂಟಕ್ಕೆ ಅದನ್ನು ತೊಳೆಯಬೇಕು.
ಅವಳವ್ವನ ಕೈ ನಡುಗುತ್ತದೆ, ಅದಕ್ಕೇ ನಾನು ಕಲಿತದ್ದು.
ನಾಪೋಕ್ಲಿನಲ್ಲಿ ಲೋಡು ಇಳಿಸಿ ಬಂದವ
ಮೊಣಕೈವರೆಗೆ ಸೋಪು ಹಚ್ಚಿ ನಲವತ್ತು ಎಣಿಸುತ್ತೇನೆ.
ಕಾಫಿ ಕುಯ್ಯುವ ಕಾಲ. ಉಗುರಿನ ಕಪ್ಪು ಬಿಡುವುದಿಲ್ಲ.

ಹುತ್ತರಿ ಕಳೆದು ಒಂಬತ್ತನೇ ದಿನ
ಸಿರಿಂಜು ಒತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ,
ಹಲ್ಲು ಕಟಕಟ, ಮಂಚವೇ ಅಲುಗುವ ಚಳಿ.
ಮೂರು ಕಂಬಳಿ. ನೂರಾ ನಾಲ್ಕು.
ಮಡಿಕೇರಿಯ ಡಾಕ್ಟರು ಕೇಳಿದರು,
ತೊಳೆದ ಮೇಲೆಯೇ ಬಂತಾ?
ಹೌದು ಅಂದೆ.
ಯಾರು ತೊಳೆದದ್ದು?
ಅದನ್ನವರು ಕೇಳಲಿಲ್ಲ.
ನನಗೆ ಕೇಳಿಸಿತು.

ಮಂಗಳೂರಿನಲ್ಲಿ ಕುತ್ತಿಗೆಗೆ ಜೆಲ್ ಸವರಿ ಪರದೆ ತೋರಿಸಿದರು.
ಬಲಗಡೆಯ ದೊಡ್ಡ ನರ ಹೆಪ್ಪುಗಟ್ಟಿ ಮುಚ್ಚಿದೆ,
ಎಡಗಡೆಯದು ಹೋದ ವರ್ಷವೇ ಮುಗಿದಿತ್ತು.
ಸರ್ಜನ್ನರು ಹಾಳೆಯ ಮೇಲೆ ಗೆರೆ ಎಳೆಯುತ್ತಾ ಹೋದರು:
ಇಲ್ಲಿ ಬಂದ್, ಇಲ್ಲಿ ಕಿರಿದು,
ಇನ್ನು ತೊಡೆಯಿಂದ ನೋಡಬೇಕು.

ನನಗೆ ಓದು ಕಡಿಮೆ, ರಸ್ತೆ ಗೊತ್ತು.
ಜೋಡುಪಾಲದಲ್ಲಿ ಗುಡ್ಡ ಜಾರಿದ ವರ್ಷ
ಭಾಗಮಂಡಲ, ಕರಿಕೆ, ಪಾಣತ್ತೂರು ಬಳಸಿ
ಸುಳ್ಯಕ್ಕೆ ಮೆಣಸು ಮುಟ್ಟಿಸಿದವ ನಾನು.
ಆದರೆ ಆರು ವರ್ಷದ ಮೈಯಲ್ಲಿ
ಎಷ್ಟು ದಾರಿ ಇರ್ತದೆ ಸಾರ್?

ಅವರು ಅವಳ ಅಂಗಿ ಸರಿಸಿದರು.
ಎದೆಯ ಮೇಲೆ, ಭುಜದ ಹತ್ತಿರ, ತೆಳ್ಳಗೆ ನೀಲಿ ಗೆರೆಗಳು.
ಚಳಿಗೆ ಹಾಗಾಗಿದೆ ಅಂದುಕೊಂಡಿದ್ದೆ.
"ರಕ್ತ ತಾನೇ ಮಾಡಿಕೊಂಡ ಒಳದಾರಿ ಇವು.
ಯಾರೂ ಹೇಳಿಕೊಟ್ಟದ್ದಲ್ಲ."

ಬಾಲ ತೆಗೆದರು. ತುದಿ ಕತ್ತರಿಸಿ
ಸಣ್ಣ ಬಾಟಲಿಯಲ್ಲಿ ಲ್ಯಾಬಿಗೆ ಕಳಿಸಿದರು.
ಎಚ್ಚರಾದ ಪೂವಿ ತಡವಿ ನೋಡಿಕೊಂಡು ಕೇಳಿದಳು,
"ಕತ್ತರಿಸುವಾಗ ಅದಕ್ಕೆ ನೋವಾಯ್ತಾ?"

ಸೋಮವಾರ ಹೊಸದು, ತೊಡೆಗೆ.
ಇವತ್ತು ಶುಕ್ರವಾರ, ಮನೆ.
ಕಣದಲ್ಲಿ ಹರವಿದ ಕಾಫಿಯ ಹುಳಿವಾಸನೆ,
ಗಾಯ ಒಣಗಿದೆಯೆಂದು ಒಲೆಯ ಮೇಲೆ ಹಂಡೆ ನೀರು.
ಎರಡು ವರ್ಷದಲ್ಲಿ ಮೊದಲ ಸಲ
ಅವಳ ತಲೆಯಿಂದ ಕಾಲಿಗೆ ನೀರು ಇಳಿಯುತ್ತಿದೆ,
ಕಿರುಚಾಟ ಪಕ್ಕದ ಲೈನ್‌ಮನೆಗೂ ಕೇಳುತ್ತಿದೆ.

ಎಂಟು ಹೊಡೆಯಿತು.
ನಾನು ಸೋಪು ಹಚ್ಚಿಬಿಟ್ಟಿದ್ದೆ,
ಇಪ್ಪತ್ತಾರು, ಇಪ್ಪತ್ತೇಳು,
ಆಮೇಲೆ ನೆನಪಾಯಿತು.
ಆದರೂ ನಲವತ್ತರವರೆಗೆ ಎಣಿಸಿದೆ.
ತೊಳೆದ ಕೈ ಏನನ್ನೂ ಮುಟ್ಟಬಾರದು, ಹಾಗೆ ಕಲಿಸಿದ್ದಾರೆ.
ಎರಡನ್ನೂ ಎತ್ತಿ ಹಿಡಿದು,
ಬಚ್ಚಲಿನ ಬಾಗಿಲ ಹೊರಗೆ
ನಿಂತೇ ಇದ್ದೆ.